ರಾತ್ರಿ ಸ್ನೋಬೋರ್ಡಿಂಗ್: ಮೊದಲು ಚೇರ್‌ಲಿಫ್ಟ್ ಹತ್ತಿ ಇಳಿಯಲು ಕಲಿಯಿರಿ

ಚಳಿಗಾಲ ಶುರುವಾದರೆ ಸಾಕು, ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್ ಕಡೆಯ ಕನ್ನಡದವರಿಂದ ಒಂದೇ ಪ್ರಶ್ನೆ. "ಆಫೀಸ್ ಮುಗಿಸಿಕೊಂಡು ರಾತ್ರಿ ಸ್ನೋಬೋರ್ಡಿಂಗ್‌ಗೆ ಹೋಗಬಹುದಾ? ನಾವು ಹೊಸಬರು, ಆಗುತ್ತಾ?" ಅದರ ಬೆನ್ನಿಗೇ ಇನ್ನೊಂದು: "ಆ ತೂಗಾಡೋ ಕುರ್ಚಿ ಹತ್ತೋದು ಹೇಗೆ?"

ಆಗುತ್ತೆ. ಆದರೆ ಎರಡನೇ ಪ್ರಶ್ನೆಯೇ ದೊಡ್ಡದು. ಸ್ನೋಬೋರ್ಡಿಂಗ್ ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಜಾರಲು ನಿಮ್ಮನ್ನು ಮೇಲಕ್ಕೆ ಒಯ್ಯುವ ಆ ಕುರ್ಚಿಯೇ ಚೇರ್‌ಲಿಫ್ಟ್. ಹೊಸಬರು ಇಳಿಜಾರಿಗೆ ಹೆದರುತ್ತಾರೆ, ಲಿಫ್ಟ್ ಬಗ್ಗೆ ಯೋಚನೆಯನ್ನೇ ಮಾಡಿರುವುದಿಲ್ಲ. ಮೊದಲ ದಿನ ಜಾಸ್ತಿ ಜನ ಬೀಳುವುದು ಲಿಫ್ಟಿನಿಂದ ಇಳಿಯುವ ಜಾಗದಲ್ಲೇ. ಅದಕ್ಕೇ ಈ ಬರಹದಲ್ಲಿ ಲಿಫ್ಟಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಿಯಾಟಲ್‌ನಿಂದ ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 50 ಮೈಲಿ ದೂರದ ದಿ ಸಮ್ಮಿಟ್ ಅಟ್ ಸ್ನೋಕ್ವಾಲ್ಮಿ ರೆಸಾರ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ಊರಿನವರಿಗೂ ಲಿಫ್ಟಿನ ಭಾಗ ಹಾಗೇ ಹೊಂದುತ್ತದೆ. ಇಲ್ಲಿ ಸಮ್ಮಿಟ್ ವೆಸ್ಟ್, ಸಮ್ಮಿಟ್ ಸೆಂಟ್ರಲ್, ಸಮ್ಮಿಟ್ ಈಸ್ಟ್, ಆಲ್ಪೆಂಟಲ್ ಎಂದು ನಾಲ್ಕು ಭಾಗಗಳಿವೆ. ಹೊಸಬರು ವೆಸ್ಟ್ ಅಥವಾ ಸೆಂಟ್ರಲ್‌ಗೆ ಹೋಗಿ. ಆಲ್ಪೆಂಟಲ್ ಕಡಿದಾದ ಬೆಟ್ಟ. ಗೆಳೆಯರು ಎಷ್ಟೇ ಕರೆದರೂ ಮೊದಲ ವರ್ಷ ಆ ಕಡೆ ತಲೆ ಹಾಕಬೇಡಿ.

1. ಯಾವ ರಾತ್ರಿ ಹೋಗಬೇಕು?

ಡಿಸೆಂಬರ್‌ನಲ್ಲಿ ಸಿಯಾಟಲ್ ಕಡೆ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆಫೀಸ್ ಮುಗಿಸಿ ಹೊರಟರೆ ನಿಮಗೆ ಸಿಗುವುದು ರಾತ್ರಿಯೇ. ಆದರೆ ಎಲ್ಲ ರಾತ್ರಿಯೂ ಲಿಫ್ಟ್ ಓಡುವುದಿಲ್ಲ. ಯಾವ ವಾರ, ಯಾವ ಭಾಗ, ಎಷ್ಟು ಗಂಟೆಯವರೆಗೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೊರಡುವ ದಿನವೇ ರೆಸಾರ್ಟಿನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ವಾರದ ಮಧ್ಯದ ದಿನ ಸಿಕ್ಕಿದರೆ ಅದನ್ನೇ ಆರಿಸಿ. ಶುಕ್ರವಾರ, ಶನಿವಾರದ ಸಾಲು ನೋಡಿದರೆ ಹೊಸಬರಿಗೆ ಅಲ್ಲೇ ಕೈಕಾಲು ನಡುಗುತ್ತದೆ.

ಇನ್ನು ಹವಾಮಾನ. ಸ್ನೋಕ್ವಾಲ್ಮಿ ಪಾಸ್, ಅಂದರೆ ರೆಸಾರ್ಟ್ ಇರುವ ಘಾಟಿ, ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ, ಅಂದರೆ ಹೆಚ್ಚುಕಮ್ಮಿ ಬೆಂಗಳೂರಿನಷ್ಟೇ ಎತ್ತರ. ಹಿಮದ ಊರಿಗೆ ಇದು ಕಡಿಮೆಯೇ. ಉಷ್ಣಾಂಶ ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆಡುತ್ತಿರುತ್ತದೆ. ಇವತ್ತು ಹಿಮ, ನಾಳೆ ಮಳೆ. ಇಲ್ಲಿನ ಒದ್ದೆ, ಭಾರದ ಹಿಮಕ್ಕೆ ಸ್ಥಳೀಯರು ಇಟ್ಟ ಹೆಸರು 'ಕ್ಯಾಸ್ಕೇಡ್ ಕಾಂಕ್ರೀಟ್' (ಕ್ಯಾಸ್ಕೇಡ್ ಇಲ್ಲಿನ ಪರ್ವತಸಾಲು).

ಮುನ್ಸೂಚನೆಯಲ್ಲಿ 'ಸ್ನೋ ಲೆವೆಲ್' ಎಂಬ ಅಂಕಿಯನ್ನು ಹುಡುಕಿ. ಯಾವ ಎತ್ತರದಿಂದ ಮೇಲೆ ಮಳೆಯ ಬದಲು ಹಿಮ ಬೀಳುತ್ತದೆ ಎಂದು ಅದು ಹೇಳುತ್ತದೆ. ಅದು 5,000 ಅಡಿ ಎಂದಿದ್ದರೆ ಪಾಸ್‌ನಲ್ಲಿ ಮಳೆ, ಹೋಗಬೇಡಿ. 2,000 ಅಡಿ ಎಂದಿದ್ದರೆ ಹಿಮ. ಇನ್ನೊಂದು ಬಲೆ ಇದೆ: ಹಗಲು ಬಿಸಿಲಿಗೆ ಕರಗಿ, ಸಂಜೆ ಆಕಾಶ ತಿಳಿಯಾಗಿ ಮತ್ತೆ ಹೆಪ್ಪುಗಟ್ಟಿದ ದಿನ. ಫೋಟೋದಲ್ಲಿ ಬೆಳ್ಳಗೆ ಚೆನ್ನಾಗೇ ಕಾಣುತ್ತದೆ. ಕಾಲಿಟ್ಟರೆ ಗಟ್ಟಿ ಐಸ್. ಹಿಂದಿನ ದಿನವೋ ಅದೇ ದಿನವೋ ಹೊಸ ಹಿಮ ಬಿದ್ದು, ಉಷ್ಣಾಂಶ ಸೊನ್ನೆಗಿಂತ ಸ್ವಲ್ಪ ಕೆಳಗೇ ನಿಂತಿದ್ದರೆ ಅದೇ ನಿಮ್ಮ ರಾತ್ರಿ.

2. ಬಟ್ಟೆ, ಗಾಗಲ್ಸ್, ಬೋರ್ಡ್

ಜೀನ್ಸ್ ಬೇಡ. ಒಳಗೆ ಹತ್ತಿ ಬನಿಯನ್ ಕೂಡ ಬೇಡ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ಲಿಫ್ಟಿನಲ್ಲಿ ಕೂತಾಗ ಮೈ ಕೊರೆಯುತ್ತದೆ. ಮೈಗೆ ಅಂಟುವ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೊಂದು ಫ್ಲೀಸ್, ಎಲ್ಲಕ್ಕಿಂತ ಮೇಲೆ ನೀರು ಒಳಗೆ ಬಿಡದ ಜಾಕೆಟ್ ಮತ್ತು ಪ್ಯಾಂಟ್. ಕಾಲುಚೀಲ ಒಂದೇ ಜೊತೆ ಸಾಕು. ಎರಡು ಹಾಕಿದರೆ ಬೂಟು ಬಿಗಿಯಾಗಿ ರಕ್ತ ಓಡಾಟ ಕಮ್ಮಿಯಾಗುತ್ತದೆ, ಬೆರಳು ಇನ್ನೂ ಬೇಗ ತಣ್ಣಗಾಗುತ್ತದೆ. ಮಫ್ಲರ್ ಉದ್ದಕ್ಕೆ ಬಿಡಬೇಡಿ, ಕುರ್ಚಿಗೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ತೂರಿಸಿಕೊಳ್ಳುವ ಬಟ್ಟೆಪಟ್ಟಿ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ.

ಗಾಗಲ್ಸ್ ವಿಷಯದಲ್ಲಿ ಹಗಲಿಗೂ ರಾತ್ರಿಗೂ ತುಂಬಾ ವ್ಯತ್ಯಾಸ. ಮಸೂರದ ಅಂಚಿನಲ್ಲಿ ಅಥವಾ ಡಬ್ಬಿಯ ಮೇಲೆ ಎಸ್0, ಎಸ್1, ಎಸ್2, ಎಸ್3 ಎಂದು ಬರೆದಿರುತ್ತದೆ. ಎಸ್3 ಬಿಸಿಲಿಗೆ. ಅದು ಶೇ 8ರಿಂದ 18ರಷ್ಟು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ರಾತ್ರಿಗೆ ಬೇಕಾದದ್ದು ಎಸ್0, ಅಂದರೆ ಶೇ 80ಕ್ಕಿಂತ ಜಾಸ್ತಿ ಬೆಳಕು ಬಿಡುವ ಬಣ್ಣವಿಲ್ಲದ ಮಸೂರ. ತಿಳಿ ಹಳದಿಯ ಎಸ್1 ಕೂಡ ನಡೆಯುತ್ತದೆ. ಕನ್ನಡಕ ಹಾಕುವವರು ಕನ್ನಡಕದ ಮೇಲೇ ಕೂರುವ ಅಗಲದ ಗಾಗಲ್ಸ್ ಕೇಳಿ. ಒಮ್ಮೆ ಹಾಕಿಕೊಂಡ ಮೇಲೆ ಹಣೆಯ ಮೇಲಕ್ಕೆ ಏರಿಸಿಕೊಳ್ಳಬೇಡಿ. ಬೆವರಿನ ಆವಿ ಒಳಗೆ ಸೇರಿದರೆ ಮತ್ತೆ ರಾತ್ರಿಯಿಡೀ ಮಂಜು.

ಬೋರ್ಡ್, ಬೂಟು, ಹೆಲ್ಮೆಟ್ ಬಾಡಿಗೆಗೆ ಸಿಗುತ್ತವೆ. ಅಂಗಡಿಯವರು "ರೆಗ್ಯುಲರ್ ಆ, ಗೂಫಿ ಆ?" ಎಂದು ಕೇಳುತ್ತಾರೆ. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ನುಣುಪು ನೆಲದ ಮೇಲೆ ಓಡಿಬಂದು ಜಾರುವಾಗ ಯಾವ ಕಾಲು ಮುಂದಿಡುತ್ತೀರೋ ಅದೇ ಸಾಮಾನ್ಯವಾಗಿ ನಿಮ್ಮ ಮುಂಗಾಲು. ಬೂಟು ಹಾಕಿ ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬೇಕು, ಮಂಡಿ ಮಡಿಚಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೆದ್ದರೆ ಬೇರೆ ಸೈಜ್ ಕೇಳಿ. ಕೇಳಲು ಸಂಕೋಚ ಬೇಡ, ಅವರು ದಿನವಿಡೀ ಇದನ್ನೇ ಮಾಡುವವರು.

ಹೆಲ್ಮೆಟ್ ಜೊತೆಗೆ ಮಣಿಕಟ್ಟಿನ ಗಾರ್ಡ್ ಕೊಂಡುಕೊಳ್ಳಿ. ಹೊಸಬರಿಗೆ ಸ್ನೋಬೋರ್ಡಿನಲ್ಲಿ ಆಗುವ ಮುಖ್ಯ ಪೆಟ್ಟು ಮಣಿಕಟ್ಟಿಗೇ. ಬೀಳುವಾಗ ಅಂಗೈ ಊರುವುದು ಎಲ್ಲರ ಸಹಜ ಗುಣ, ಐಸ್ ಮೇಲೆ ಅದೇ ಮುಳುವಾಗುತ್ತದೆ.

ಊರಿಂದ ಬಂದ ಅಪ್ಪ ಅಮ್ಮನನ್ನೋ ತಮ್ಮನನ್ನೋ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಪ್ರವಾಸಿಗರಿಗೆ ಮಾಡಿಸುವ ವಿಮೆಯಲ್ಲಿ ಹಿಮದ ಆಟಗಳನ್ನು ಹೊರಗಿಟ್ಟಿರುವುದು ಸಾಮಾನ್ಯ. ಪಾಲಿಸಿ ತೆಗೆದು ಆ ಸಾಲನ್ನು ಓದಿ. ಹಿಮದ ಆಟಕ್ಕೆ ವಿಮೆ ಇಲ್ಲದಿದ್ದರೆ ಅವರು ರೆಸಾರ್ಟಿನ ಲಾಡ್ಜಿನಲ್ಲಿ ಕೂತು ಬಿಸಿ ಚಾಕೊಲೇಟ್ ಕುಡಿಯಲಿ.

3. ಘಾಟಿ ಏರುವ ಮೊದಲು

ವಾಷಿಂಗ್ಟನ್ ರಾಜ್ಯದ ಸಾರಿಗೆ ಇಲಾಖೆ ಪ್ರತಿ ಪಾಸ್‌ನ ಸ್ಥಿತಿಯನ್ನು ಕ್ಯಾಮೆರಾ ಸಮೇತ ಆನ್‌ಲೈನ್‌ನಲ್ಲಿ ಹಾಕುತ್ತದೆ. ಹೊರಡುವ ಮೊದಲು ನೋಡಿ, ವಾಪಸ್ ಬರುವಾಗಲೂ ನೋಡಿ. ಹಿಮಕುಸಿತ ತಡೆಯುವ ಕೆಲಸಕ್ಕೆಂದು ರಾತ್ರಿ ಹೆದ್ದಾರಿಯನ್ನೇ ಮುಚ್ಚುವುದುಂಟು.

ಟೈರಿಗೆ ಕಟ್ಟುವ ಚೈನ್ ಕಾರಿನಲ್ಲಿರಲಿ. "ನಮ್ಮದು ಆಲ್ ವೀಲ್ ಡ್ರೈವ್, ಚೈನ್ ಯಾಕೆ?" ಎಂದು ಕೇಳುವವರೇ ಜಾಸ್ತಿ. ಚೈನ್ ಕಡ್ಡಾಯ ಎಂದು ಫಲಕ ಹಾಕಿದಾಗ ಆಲ್ ವೀಲ್ ಡ್ರೈವ್ ಕಾರಿಗೆ ಕಟ್ಟುವುದರಿಂದ ವಿನಾಯಿತಿ ಇರಬಹುದು, ಆದರೆ ಜೊತೆಯಲ್ಲಿ ಇಟ್ಟುಕೊಂಡಿರಲೇಬೇಕು. ಎಲ್ಲ ವಾಹನಕ್ಕೂ ಕಡ್ಡಾಯ ಎಂದರೆ ಕಟ್ಟಲೇಬೇಕು. ಮನೆಯ ಅಂಗಳದಲ್ಲಿ, ಬೆಳಕಿನಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ನೋಡಿ. ಸಮ್ಮಿಟ್ ವೆಸ್ಟ್‌ಗೆ ಸಿಯಾಟಲ್ ಕಡೆಯಿಂದ 52ನೇ ಎಕ್ಸಿಟ್.

4. ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ

ಲಿಫ್ಟಿನ ಸಾಲಿಗೆ ನೇರ ಹೋಗಬೇಡಿ. ಮೊದಲ ಸಲವಾದರೆ ಗುಂಪಿನ ಪಾಠಕ್ಕೆ ದುಡ್ಡು ಕೊಡಿ. ಸ್ನೇಹಿತರು ಪ್ರೀತಿಯಿಂದ ಕಲಿಸುತ್ತಾರೆ ನಿಜ, ಹತ್ತು ನಿಮಿಷಕ್ಕೆ ಅವರಿಗೇ ಬೇಜಾರಾಗಿ ಮೇಲಕ್ಕೆ ಹೋಗಿಬಿಡುತ್ತಾರೆ.

ಪಾಠ ಇರಲಿ ಬಿಡಲಿ, ಎರಡು ಕೆಲಸ ಬರಲೇಬೇಕು.

ಒಂದು, ಸ್ಕೇಟಿಂಗ್. ಮುಂಗಾಲನ್ನು ಬೈಂಡಿಂಗ್‌ಗೆ, ಅಂದರೆ ಬೂಟನ್ನು ಬೋರ್ಡಿಗೆ ಹಿಡಿದಿಡುವ ಪಟ್ಟಿಗೆ, ಬಿಗಿಯಿರಿ. ಹಿಂಗಾಲು ಬಿಡುವಾಗಿರಲಿ. ಆ ಹಿಂಗಾಲಿನಿಂದ ನೆಲ ತಳ್ಳುತ್ತಾ ಸಣ್ಣ ಸಣ್ಣ ಹೆಜ್ಜೆಯಲ್ಲಿ ಮುಂದೆ ಹೋಗಿ. ಲಿಫ್ಟಿನ ಸಾಲಿನಲ್ಲಿ ನೀವು ನಡೆಯುವುದು ಹೀಗೇ.

ಎರಡು, ಒಂದೇ ಕಾಲು ಕಟ್ಟಿಕೊಂಡು ನೇರ ಜಾರುವುದು. ಪುಟ್ಟ ಇಳುಕಲು ಹುಡುಕಿ, ಎರಡು ತಳ್ಳು ತಳ್ಳಿ, ಹಿಂಗಾಲನ್ನು ಎರಡು ಬೈಂಡಿಂಗ್‌ಗಳ ನಡುವೆ, ಹಿಂದಿನ ಬೈಂಡಿಂಗ್‌ಗೆ ತಾಗಿಸಿ ಇಡಿ. ಬೋರ್ಡ್ ತಾನಾಗಿ ನಿಲ್ಲುವವರೆಗೆ ಜಾರಿ. ಇಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿ: ಬೂಟಿನ ಅಡಿಯಲ್ಲಿ ಹಿಮ ಮೆತ್ತಿಕೊಂಡು ಗಟ್ಟಿಯಾಗಿರುತ್ತದೆ. ಅದನ್ನು ಬೈಂಡಿಂಗ್ ಅಂಚಿಗೆ ಉಜ್ಜಿ ಕೆಡವಿ, ಆಮೇಲೆ ಕಾಲಿಡಿ. ಇಲ್ಲದಿದ್ದರೆ ಬೂಟು ಬೋರ್ಡಿನ ಮೇಲಿಂದ ಜಾರಿ ಕಾಲು ಅತ್ತಿತ್ತ ಹರಿದುಕೊಳ್ಳುತ್ತದೆ. ಲಿಫ್ಟಿನಿಂದ ಇಳಿಯುವಾಗ ಬೇಕಾಗುವುದು ಇದೇ ಜಾರು, ಬೇರೇನೂ ಅಲ್ಲ. ಐದಾರು ಸಲ ಬೀಳದೆ ಮಾಡಿದ ಮೇಲೆ ಕಾರ್ಪೆಟ್‌ಗೆ ಹೋಗಿ. ಕಾರ್ಪೆಟ್ ಅಂದರೆ ನಿಂತವರನ್ನು ಮೆಲ್ಲಗೆ ಮೇಲಕ್ಕೆ ಒಯ್ಯುವ ಅಗಲದ ರಬ್ಬರ್ ಪಟ್ಟಿ. ಅಲ್ಲಿಂದ ಇಳಿಯುತ್ತಾ ನಿಲ್ಲಿಸುವುದನ್ನು ಕಲಿಯಿರಿ. ನಿಲ್ಲಿಸಲು ಬರುವವರೆಗೆ ಚೇರ್‌ಲಿಫ್ಟ್ ಬೇಡ.

5. ಚೇರ್‌ಲಿಫ್ಟ್ ಹತ್ತುವುದು

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಬೆಟ್ಟದ ಕೆಳಗೊಂದು, ಮೇಲೊಂದು ದೊಡ್ಡ ಚಕ್ರ. ಅವುಗಳ ಸುತ್ತ ಕೊನೆಯೇ ಇಲ್ಲದ ಉಕ್ಕಿನ ಹಗ್ಗ ಸುತ್ತುತ್ತಲೇ ಇರುತ್ತದೆ. ಕುರ್ಚಿಗಳು ಆ ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಜಗತ್ತಿನ ಮೊದಲ ಚೇರ್‌ಲಿಫ್ಟ್ 1936ರಲ್ಲಿ ಐಡಹೋ ರಾಜ್ಯದ ಸನ್ ವ್ಯಾಲಿಯಲ್ಲಿ ಶುರುವಾಯಿತು. ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರನ್‌ಗೆ ಇದರ ಯೋಚನೆ ಬಂದದ್ದು ಹಡಗಿಗೆ ಬಾಳೆಗೊನೆ ತುಂಬುವ ಯಂತ್ರದಿಂದ. ಗೊನೆ ನೇತು ಹಾಕುವ ಕೊಕ್ಕೆಯ ಜಾಗದಲ್ಲಿ ಕುರ್ಚಿ ಬಂತು, ಅಷ್ಟೇ.

ಲಿಫ್ಟಿನಲ್ಲಿ ಎರಡು ಬಗೆ. ಹಳೆಯ ಬಗೆಯಲ್ಲಿ ಕುರ್ಚಿ ಹಗ್ಗವನ್ನು ಬಿಡುವುದೇ ಇಲ್ಲ, ಹಾಗಾಗಿ ಹತ್ತುವಾಗಲೂ ಹಗ್ಗದ ವೇಗದಲ್ಲೇ, ಸೆಕೆಂಡಿಗೆ ಸುಮಾರು ಎರಡರಿಂದ ಎರಡೂವರೆ ಮೀಟರ್, ಬಂದು ಮಂಡಿಯ ಹಿಂದೆ ತಾಗುತ್ತದೆ. ಹೊಸ ಬಗೆಯ ವೇಗದ ಲಿಫ್ಟುಗಳಲ್ಲಿ ಹಗ್ಗ ಸೆಕೆಂಡಿಗೆ ಐದು ಮೀಟರ್‌ವರೆಗೆ ಓಡುತ್ತದೆ. ಆದರೆ ನಿಲ್ದಾಣಕ್ಕೆ ಬಂದ ಕುರ್ಚಿ ಹಗ್ಗವನ್ನು ಬಿಟ್ಟು, ನಡಿಗೆಯ ವೇಗಕ್ಕೆ ಇಳಿದು, ನಿಮ್ಮನ್ನು ಕೂರಿಸಿಕೊಂಡು ಮತ್ತೆ ಹಗ್ಗ ಹಿಡಿಯುತ್ತದೆ. ಆದ್ದರಿಂದ ಹೊಸಬರಿಗೆ ವೇಗದ ಲಿಫ್ಟೇ ಸುಲಭ. ನಕ್ಷೆಯಲ್ಲಿ 'ಎಕ್ಸ್‌ಪ್ರೆಸ್' ಎಂದು ಕಂಡು ಗಾಬರಿಯಾಗಬೇಡಿ. ಅದು ಒಯ್ಯುವ ಇಳಿಜಾರು ಹಸಿರು ಗುರುತಿನದೇ, ಅಂದರೆ ಸುಲಭದ್ದೇ ಎಂದು ಮಾತ್ರ ನೋಡಿಕೊಳ್ಳಿ.

ಹತ್ತುವ ಕ್ರಮ ಹೀಗೆ:

ಗೇಟಿಗೆ ಬರುವ ಮೊದಲೇ ಹಿಂಗಾಲು ಬಿಚ್ಚಿಕೊಳ್ಳಿ. ಟಿಕೆಟ್ ಕಾರ್ಡ್ ಜಾಕೆಟಿನ ಎಡಜೇಬಿನಲ್ಲಿ ಒಂದೇ ಇರಲಿ. ಫೋನಿನ ಜೊತೆ ಇಟ್ಟರೆ ಗೇಟು ಓದದೆ ಹೋಗಬಹುದು. ಬೆನ್ನಿನ ಚೀಲ ತೆಗೆದು ಮುಂದೆ ಹಿಡಿಯಿರಿ. ಜೋತಾಡುವ ಪಟ್ಟಿಗಳನ್ನು ಒಳಗೆ ಸೇರಿಸಿ.

ಲಿಫ್ಟ್ ನಡೆಸುವವರಿಗೆ ಎಲ್ಲರೂ 'ಲಿಫ್ಟಿ' ಎನ್ನುತ್ತಾರೆ. ಅವರಿಗೆ "ಇದು ನನ್ನ ಮೊದಲ ಸಲ" ಎಂದು ಹೇಳಿ. ವೇಗ ಕಡಿಮೆ ಮಾಡುತ್ತಾರೆ. ಹೇಳದೆ ಸುಮ್ನೆ ನಿಂತರೆ ಅವರಿಗೆ ಹೇಗೆ ಗೊತ್ತಾಗಬೇಕು?

ಒಂದು ಕುರ್ಚಿಗೆ ನಾಲ್ವರು ಕೂರಬಹುದಾದರೂ ಮೊದಲ ಕೆಲವು ಸಲ ಇಬ್ಬರೇ ಹೋಗಿ, ಅಂಚಿನ ಸೀಟು ಹಿಡಿಯಿರಿ. ಮಧ್ಯದವರು ಬಿದ್ದರೆ ಪಕ್ಕದವರನ್ನೂ ಎಳೆದುಕೊಂಡೇ ಬೀಳುತ್ತಾರೆ.

ಕಾಯುವ ಗೆರೆಯಲ್ಲಿ ನಿಲ್ಲಿ. ನಿಮ್ಮ ಮುಂದಿನವರ ಕುರ್ಚಿ ನಿಮ್ಮನ್ನು ದಾಟಿದ ಕೂಡಲೇ ಸ್ಕೇಟ್ ಮಾಡಿ ಹತ್ತುವ ಗೆರೆಗೆ ಬನ್ನಿ. ಬೋರ್ಡಿನ ಮೂತಿ ನೇರ ಮುಂದಕ್ಕಿರಲಿ, ಹೊರಗಿನ ಭುಜದ ಮೇಲಿಂದ ಹಿಂದೆ ನೋಡಿ. ಕುರ್ಚಿ ಬಂದಾಗ ಕೈಯಿಂದ ಹಿಡಿದು ಪೂರ್ತಿ ಹಿಂದಕ್ಕೆ ಕೂರಿ. ಕೂತೊಡನೆ ಬೋರ್ಡಿನ ಮೂತಿ ಮೇಲೆತ್ತಿ. ಮೂತಿ ಹಿಮಕ್ಕೆ ಸಿಕ್ಕಿಕೊಂಡರೆ ಕಾಲು ತಿರುಚುತ್ತದೆ. ಪಕ್ಕದವರ ತಲೆಗೆ ತಾಗದಂತೆ ನೋಡಿಕೊಂಡು ಅಡ್ಡಪಟ್ಟಿ ಕೆಳಗಿಳಿಸಿ.

ಹತ್ತುವಾಗ ಬಿದ್ದರೆ? ಏಳಲು ಒದ್ದಾಡಬೇಡಿ. ತಲೆ ತಗ್ಗಿಸಿ ಹಾಗೇ ಮಲಗಿರಿ. ಲಿಫ್ಟಿ ನಿಲ್ಲಿಸುತ್ತಾರೆ. ಕುರ್ಚಿ ಅರ್ಧ ಹಿಡಿದು ಅರ್ಧ ನೇತಾಡುತ್ತಾ ಮೇಲೆ ಹೋಗುವುದೇ ನಿಜವಾದ ಅಪಾಯ. ಸರಿಯಾಗಿ ಕೂತಿಲ್ಲ ಅನ್ನಿಸಿದರೆ ನೆಲ ಹತ್ತಿರ ಇರುವಾಗಲೇ ಕೈ ಬಿಡಿ.

6. ಮೇಲೆ ಕೂತಾಗ

ಬೋರ್ಡಿನ ಭಾರವೆಲ್ಲ ಒಂದೇ ಕಾಲಿಗೆ ನೇತಾಡುತ್ತದೆ. ಮಂಡಿ ಎಳೆಯಲು ಶುರುವಾಗುತ್ತದೆ. ಹಿಂಗಾಲಿನ ಬೂಟನ್ನು ಬೋರ್ಡಿನ ಅಡಿಗೆ ಕೊಟ್ಟು ಎತ್ತಿ ಹಿಡಿಯಿರಿ, ಇಲ್ಲವೇ ಕಾಲಿಡುವ ಕಂಬಿ ಇದ್ದರೆ ಅದರ ಮೇಲಿಡಿ.

ಲಿಫ್ಟ್ ದಾರಿಯಲ್ಲಿ ನಿಲ್ಲುತ್ತದೆ. ಪ್ರತಿ ರಾತ್ರಿಯೂ ನಿಲ್ಲುತ್ತದೆ. ಬಹುಪಾಲು ಯಾರೋ ಹತ್ತುವಲ್ಲೋ ಇಳಿಯುವಲ್ಲೋ ಬಿದ್ದಿರುತ್ತಾರೆ, ಅಷ್ಟೇ. ಕುರ್ಚಿ ತೂಗಬೇಡಿ. ಎಷ್ಟೇ ಹೊತ್ತಾದರೂ ಕೆಳಗೆ ಹಾರಬೇಡಿ. ಕತ್ತಲಲ್ಲಿ ಹಿಮ ಹತ್ತಿರ ಇದ್ದಂತೆ ಕಾಣುತ್ತದೆ, ಎತ್ತರ ಅಂದಾಜಾಗುವುದಿಲ್ಲ. ಕೈಗವಸು ತೆಗೆದು ಫೋಟೋ ತೆಗೆಯಲು ಹೋಗಿ ಗವಸನ್ನೋ ಫೋನನ್ನೋ ಬೀಳಿಸಿದವರು ತುಂಬಾ ಜನ. ಲಿಫ್ಟಿನ ಕೆಳಗಿನ ಹಿಮ ಅಗೆದರೆ ಒಂದು ಸಣ್ಣ ಅಂಗಡಿ ಇಡಬಹುದು.

7. ಇಳಿಯುವುದು

ತುದಿ ಹತ್ತಿರ ಬಂದಾಗ ಅಡ್ಡಪಟ್ಟಿ ಎತ್ತಿ ಎನ್ನುವ ಫಲಕ ಇರುತ್ತದೆ. ಎತ್ತಿ. ಸೀಟಿನಲ್ಲೇ ಸ್ವಲ್ಪ ಪಕ್ಕಕ್ಕೆ ತಿರುಗಿ, ಬೋರ್ಡ್ ನೇರ ಮುಂದಕ್ಕೆ ಇರುವಂತೆ ಮಾಡಿಕೊಳ್ಳಿ. ಮೂತಿ ಮೇಲೆ. ಬೋರ್ಡ್ ಹಿಮಕ್ಕೆ ಚಪ್ಪಟೆಯಾಗಿ ತಾಗುವವರೆಗೂ ಕೂತೇ ಇರಿ. ನಿಲ್ದಾಣ ಬರುವ ಮೊದಲೇ ಬಸ್ಸಿನಿಂದ ಧುಮುಕುವ ನಮ್ಮ ಬೆಂಗಳೂರಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಇಳಿಯುವ ಗೆರೆ ಬಂದಾಗ ಹಿಂಗಾಲನ್ನು ಬೈಂಡಿಂಗ್‌ಗಳ ನಡುವೆ ಇಟ್ಟು ಎದ್ದು ನಿಲ್ಲಿ. ಕುರ್ಚಿಯನ್ನು ಒಂದು ಕೈಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರೆ ಸಾಕು. ಭಾರ ಮುಂಗಾಲಿನ ಮೇಲೆ ಸ್ವಲ್ಪ ಜಾಸ್ತಿ ಇರಲಿ, ಮಂಡಿ ಸಡಿಲ ಇರಲಿ, ಕಣ್ಣು ದೂರದಲ್ಲಿರಲಿ. ಹೆದರಿ ಹಿಂದಕ್ಕೆ ವಾಲಿದಿರೋ, ಬೋರ್ಡ್ ಮುಂದೆ ಓಡಿ ನೀವು ಹಿಂದೆ ಕೂರುತ್ತೀರಿ. ತಿರುಗಿಸಬೇಡಿ, ಬ್ರೇಕ್ ಹಾಕಬೇಡಿ. ಇಳುಕಲು ಮುಗಿದ ಮೇಲೆ ಬೋರ್ಡ್ ತಾನೇ ನಿಧಾನವಾಗುತ್ತದೆ. ಪಕ್ಕದವರ ತೋಳು ಹಿಡಿಯಲೇಬೇಡಿ.

ಬಿದ್ದರೆ ನಗುತ್ತಾ ಕೂರಬೇಡಿ. ಹಿಂದಿನ ಕುರ್ಚಿ ಬರುತ್ತಿರುತ್ತದೆ. ತೆವಳಿಕೊಂಡಾದರೂ ಪಕ್ಕಕ್ಕೆ ಸರಿಯಿರಿ, ಆಮೇಲೆ ಹಿಂಗಾಲು ಕಟ್ಟಿಕೊಳ್ಳಿ. ಇಳಿಯುವುದೇ ತಪ್ಪಿಹೋದರೆ ಹಾರಬೇಡಿ, ಕೂತಿರಿ. ಮುಂದೆ ತಾಗಿದ ಕೂಡಲೇ ಲಿಫ್ಟನ್ನು ನಿಲ್ಲಿಸುವ ತಂತಿಯೋ ಗೇಟೋ ಇರುತ್ತದೆ. ನಾಚಿಕೆಯಾಗುತ್ತದೆ, ಪೆಟ್ಟಾಗುವುದಿಲ್ಲ.

8. ದೀಪದ ಬೆಳಕಿನ ಇಳಿಜಾರು

ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ರಾತ್ರಿ ದೀಪ ಹಾಕಿದ ಇಳಿಜಾರುಗಳಷ್ಟೇ ತೆರೆದಿರುತ್ತವೆ. ಹಗ್ಗ ಕಟ್ಟಿದ ಕಡೆ ನುಸುಳಬೇಡಿ.

ಎತ್ತರದ ಕಂಬದ ದೀಪ ಒಂದೇ ಕಡೆಯಿಂದ ಬೀಳುತ್ತದೆ. ಸಣ್ಣ ಉಬ್ಬಿಗೂ ಉದ್ದ ನೆರಳು. ಎರಡು ಕಂಬಗಳ ನಡುವೆ ಮಬ್ಬು ಪಟ್ಟಿ. ನೀವು ದೀಪಕ್ಕೆ ಬೆನ್ನು ಹಾಕಿದಾಗ ನಿಮ್ಮ ನೆರಳೇ ಮುಂದಿನ ಹಿಮವನ್ನು ಮುಚ್ಚುತ್ತದೆ. ಮಬ್ಬಿಗೆ ಹೋಗುವ ಮೊದಲು ನಿಧಾನ ಮಾಡಿ, ಅದರೊಳಗೆ ತಿರುವು ತೆಗೆದುಕೊಳ್ಳಬೇಡಿ. ಐಸನ್ನು ಕಣ್ಣಿಗಿಂತ ಕಿವಿ ಬೇಗ ಗುರುತಿಸುತ್ತದೆ. ಒಳ್ಳೆ ಹಿಮದಲ್ಲಿ ಬೋರ್ಡ್ ಸುಯ್ ಎನ್ನುತ್ತದೆ, ಐಸ್ ಬಂದಾಗ ಕರಕರ ಎಂದು ಕೆರೆಯುತ್ತದೆ. ಆ ಸದ್ದು ಕೇಳಿದರೆ ಗಾಬರಿಯಿಂದ ಅಂಚು ಒತ್ತಬೇಡಿ. ಬೋರ್ಡನ್ನು ಚಪ್ಪಟೆಯತ್ತ ತಂದು ಅದನ್ನು ದಾಟಿ.

ಮೊದಲ ಇಳಿತ 'ಫಾಲಿಂಗ್ ಲೀಫ್' ಮಾಡಿ. ಬೋರ್ಡನ್ನು ಇಳಿಜಾರಿಗೆ ಅಡ್ಡ ಇಟ್ಟು, ಹಿಮ್ಮಡಿಯ ಕಡೆಯ ಅಂಚಿನ ಮೇಲೆ ಭಾರ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತಾ ಇಳಿಯುವುದು. ಕೆಳಗಿನ ಕಡೆಯ ಅಂಚು ಮಾತ್ರ ಹಿಮಕ್ಕೆ ತಾಗಬಾರದು. ತಾಗಿದರೆ ನೆಲಕ್ಕೆ ಅಪ್ಪಳಿಸುತ್ತೀರಿ. 'ಎಡ್ಜ್ ಕ್ಯಾಚ್' ಎನ್ನುವುದು ಇದಕ್ಕೇ. ಬೀಳುವುದು ಖಚಿತವಾದರೆ ಮುಷ್ಟಿ ಕಟ್ಟಿ. ಮುಂದಕ್ಕಾದರೆ ಮೊಣಕೈವರೆಗಿನ ತೋಳಿನ ಮೇಲೆ, ಹಿಂದಕ್ಕಾದರೆ ಕುಂಡೆಯ ಮೇಲೆ ಬೀಳಿ, ಗದ್ದ ಎದೆಗೆ ತಾಗಿರಲಿ.

ನಿಮಗಿಂತ ಕೆಳಗಿರುವವರಿಗೆ ದಾರಿಯ ಹಕ್ಕು. ಅವರನ್ನು ತಪ್ಪಿಸುವುದು ಮೇಲಿಂದ ಬರುವ ನಿಮ್ಮ ಜವಾಬ್ದಾರಿ. ವಿಶ್ರಾಂತಿಗೆ ಕೂರುವುದಾದರೆ ಅಂಚಿನಲ್ಲಿ, ಮೇಲಿನವರಿಗೆ ಕಾಣುವಂತೆ ಕೂರಿ. ಏರಿನ ಮರೆಯಲ್ಲಿ ಅಲ್ಲ.

ಮರಗಳ ಹತ್ತಿರ ಹೋಗಲೇಬೇಡಿ. ಈ ಭಾಗದ ದೇವದಾರು ಜಾತಿಯ ಮರಗಳ ಬುಡದಲ್ಲಿ, ಕೊಂಬೆಯ ಮರೆಯಿಂದಾಗಿ, ಹಿಮ ಗಟ್ಟಿಯಾಗದೆ ಗುಂಡಿ ಉಳಿದಿರುತ್ತದೆ. 'ಟ್ರೀ ವೆಲ್' ಎನ್ನುತ್ತಾರೆ. ತಲೆಕೆಳಗಾಗಿ ಬಿದ್ದರೆ ಸುತ್ತಲಿನ ಹಿಮ ಮೇಲೆ ಕುಸಿದು ಉಸಿರು ಕಟ್ಟುತ್ತದೆ. ಸ್ವಂತ ಬಲದಿಂದ ಹೊರಬರುವುದು ತುಂಬಾ ಕಷ್ಟ. ರಾತ್ರಿ ಯಾರೂ ನೋಡಿರುವುದೂ ಇಲ್ಲ.

9. ಮುಗಿಸಿ ಹೊರಡುವಾಗ

ಸ್ಕೀ ಪೆಟ್ರೋಲ್, ಅಂದರೆ ಬೆಟ್ಟದ ಸುರಕ್ಷತೆ ನೋಡಿಕೊಳ್ಳುವ ತಂಡದ ಫೋನ್ ನಂಬರ್ ನಕ್ಷೆಯಲ್ಲಿರುತ್ತದೆ. ಬಂದ ಕೂಡಲೇ ಉಳಿಸಿಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಒಳಜೇಬಿನಲ್ಲಿರಲಿ. ಫೋನ್ ಸತ್ತರೂ ಸಿಗುವ ಹಾಗೆ ಭೇಟಿಯ ಜಾಗ ಮೊದಲೇ ಗೊತ್ತುಮಾಡಿ.

ಲಿಫ್ಟ್ ಮುಚ್ಚುವ ಹೊತ್ತಿಗೆ ಕೊನೆಯ ಕುರ್ಚಿ ಹಿಡಿಯುವ ಹಟ ಬೇಡ. ಆಗ ಕಾಲು ಸೋತಿರುತ್ತದೆ, ಹಿಮ ಕೆರೆದು ಐಸ್ ಮೇಲೆದ್ದಿರುತ್ತದೆ. ಅರ್ಧ ಗಂಟೆ ಮೊದಲೇ ಮುಗಿಸಿ. ಬಾಡಿಗೆ ಕೌಂಟರ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಬೋರ್ಡ್ ತೆಗೆದುಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.

ಚಪಾತಿ ಪಲ್ಯವೋ ಪುಳಿಯೋಗರೆಯೋ ಕಾರಿನಲ್ಲಿದ್ದರೆ ಹೊರಡುವ ಮೊದಲೇ ತಿನ್ನಿ. ಹೊಟ್ಟೆ ತುಂಬಿ ಹೀಟರ್ ಬಿಸಿಗೆ ಕಣ್ಣು ಎಳೆದರೆ ಗಾಡಿ ಬೇರೆಯವರಿಗೆ ಕೊಡಿ. ಇಳಿಯುವ ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಅದು ನೀರಲ್ಲದೆ ತೆಳ್ಳನೆ ಐಸೂ ಇರಬಹುದು. ಕ್ರೂಸ್ ಕಂಟ್ರೋಲ್ ಹಾಕಬೇಡಿ, ಮುಂದಿನ ಗಾಡಿಯಿಂದ ದೂರ ಇರಿ. ಸ್ವಂತ ಬೂಟಾದರೆ ಮನೆಗೆ ಬಂದು ಒಳಪದರ ಹೊರತೆಗೆದು ಗಾಳಿಗಿಡಿ. ಹೀಟರ್ ಮುಂದೆ ಮಾತ್ರ ಬೇಡ, ಅಂಟು ಬಿಟ್ಟುಕೊಳ್ಳುತ್ತದೆ.